ಆಕಾಶದಲ್ಲಿ ಯಂತ್ರ ಕೈಕೊಟ್ಟಾಗ ಕಾಕ್‌ಪಿಟ್‌ನಲ್ಲಿ ಏನು ನಡೆಯುತ್ತದೆ?

2024ರ ಅಕ್ಟೋಬರ್ 11, ಆಯುಧಪೂಜೆಯ ಸಂಜೆ. ಗಾಡಿ ತೊಳೆದು, ಹೂವಿನ ಹಾರ ಹಾಕಿ, ಕುಂಬಳಕಾಯಿ ಒಡೆದು, ಚಕ್ರದಡಿ ನಿಂಬೆಹಣ್ಣು ಇಟ್ಟು ಒಂದು ಸುತ್ತು ಹೋಗಿ ಬಂದವರು ಟಿವಿ ಹಾಕಿದರೆ ಪರದೆಯ ತುಂಬ ಒಂದೇ ಸುದ್ದಿ. ತಿರುಚ್ಚಿಯಿಂದ ಶಾರ್ಜಾಕ್ಕೆ ಹೊರಟ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನದಲ್ಲಿ ಹೈಡ್ರಾಲಿಕ್ ದೋಷ. ಒಳಗೆ 140ಕ್ಕೂ ಹೆಚ್ಚು ಜನ. ವಿಮಾನ ಮುಂದೆ ಹೋಗುತ್ತಿಲ್ಲ, ಇಳಿಯುತ್ತಲೂ ಇಲ್ಲ. ಆಕಾಶದಲ್ಲೇ ಸುತ್ತು ಹೊಡೆಯುತ್ತಿದೆ. ಕೆಳಗೆ ಆಂಬುಲೆನ್ಸ್‌ಗಳು, ಅಗ್ನಿಶಾಮಕ ವಾಹನಗಳು ಸಾಲಾಗಿ ನಿಂತಿವೆ.

ಸಂಜೆ 5.40ರ ಹೊತ್ತಿಗೆ ಏರಿದ ಆ ವಿಮಾನ ಇಳಿದದ್ದು ರಾತ್ರಿ 8 ಗಂಟೆ ದಾಟಿದ ಮೇಲೆ. ಚಕ್ರಗಳ ಮೇಲೆಯೇ, ಯಾರಿಗೂ ಏನೂ ಆಗದೆ ಇಳಿಯಿತು.

ಮಂಗಳೂರಿನಿಂದ ದುಬೈಗೆ ಹೋಗುವ ನಮ್ಮ ಕರಾವಳಿಯವರು ಹತ್ತುವಂಥದ್ದೇ ಬೋಯಿಂಗ್ 737 ವಿಮಾನ ಅದು. ಹಾಗಾಗಿ ಅವತ್ತು ಎಷ್ಟೋ ಮನೆಗಳಲ್ಲಿ ಒಂದೇ ಪ್ರಶ್ನೆ ಎದ್ದಿತ್ತು: ಕೆಟ್ಟಿದೆ ಅಂತ ಗೊತ್ತಾದ ಮೇಲೂ ಯಾಕೆ ಸುತ್ತುತ್ತಾ ಇದ್ದಾರೆ? ಬೇಗ ಇಳಿಸಬಾರದಾ? 2025ರ ಜೂನ್‌ನಲ್ಲಿ ಅಹಮದಾಬಾದ್ ದುರಂತ ಆದ ಮೇಲಂತೂ "ತಾಂತ್ರಿಕ ದೋಷ, ವಿಮಾನ ವಾಪಸ್" ಎಂಬ ಎರಡು ಸಾಲಿನ ಸುದ್ದಿ ಓದಿದರೂ ಎದೆ ಢವಗುಟ್ಟುತ್ತದೆ. ಅಂಥ ಹೊತ್ತಿನಲ್ಲಿ ಮುಚ್ಚಿದ ಬಾಗಿಲಿನ ಆಚೆ ಏನು ನಡೆಯುತ್ತದೆ ಅಂತ ಬುಡದಿಂದ ನೋಡೋಣ.

ಹೈಡ್ರಾಲಿಕ್ ಅಂದರೆ ಏನು?

ಜೆಸಿಬಿ ಕೆಲಸ ಮಾಡುವುದನ್ನು ನೋಡಿದ್ದೀರಲ್ಲ. ಡ್ರೈವರ್ ಒಂದು ಸಣ್ಣ ಹಿಡಿಯನ್ನು ಅಲ್ಲಾಡಿಸಿದರೆ ಮುಂದಿನ ದೊಡ್ಡ ಕೈ ಬಂಡೆಯನ್ನೇ ಎತ್ತುತ್ತದೆ. ಆ ಶಕ್ತಿ ಬರುವುದು ಪೈಪುಗಳಲ್ಲಿ ಒತ್ತಡದಿಂದ ಹರಿಯುವ ಎಣ್ಣೆಯಿಂದ. ವಿಮಾನದಲ್ಲೂ ಅದೇ ತಂತ್ರ. ರೆಕ್ಕೆಯ ಹಿಂಭಾಗದ ಫ್ಲಾಪ್‌ಗಳು, ಬಾಲದ ಹಲಗೆಗಳು, ಚಕ್ರಗಳು, ಬ್ರೇಕು, ಇವನ್ನೆಲ್ಲ ಅಲ್ಲಾಡಿಸಲು ಮನುಷ್ಯನ ತೋಳಿನ ಬಲ ಸಾಲದು. ಗಂಟೆಗೆ ನೂರಾರು ಕಿಲೋಮೀಟರ್ ವೇಗದ ಗಾಳಿಯನ್ನು ಎದುರಿಸಿ ಅವು ತಿರುಗಬೇಕು. ಆ ಬಲ ಕೊಡುವುದೇ ಹೈಡ್ರಾಲಿಕ್ ವ್ಯವಸ್ಥೆ.

ಪಂಕ್ಚರ್ ಅಂಗಡಿಯಲ್ಲಿ ಕಾರಿನ ಟಯರಿಗೆ 33 ಪಾಯಿಂಟ್ ಗಾಳಿ ಹಾಕಿಸುತ್ತೇವೆ. 737ರ ಹೈಡ್ರಾಲಿಕ್ ಪೈಪಿನಲ್ಲಿ ಇರುವುದು ಅದೇ ಅಳತೆಯಲ್ಲಿ 3,000 ಪಾಯಿಂಟ್, ಅಂದರೆ ಸುಮಾರು 90 ಪಟ್ಟು. ಇಷ್ಟು ಒತ್ತಡ ಇರುವಲ್ಲಿ ಒಂದು ಪೈಪು ಸೀಳಿದರೂ, ಒಂದು ಸೀಲ್ ಸವೆದರೂ ಎಣ್ಣೆ ಬೇಗ ಖಾಲಿಯಾಗುತ್ತದೆ.

ಆದರೆ ಎಲ್ಲ ಎಣ್ಣೆಯೂ ಒಂದೇ ಕೊಡದಲ್ಲಿ ಇರುವುದಿಲ್ಲ. 737ರಲ್ಲಿ 'ಎ' ಮತ್ತು 'ಬಿ' ಎಂಬ ಎರಡು ಪ್ರತ್ಯೇಕ ವ್ಯವಸ್ಥೆಗಳಿವೆ. ಅವುಗಳ ಹಿಂದೆ ಮೂರನೆಯದೊಂದು ಕಾದು ಕೂತಿರುತ್ತದೆ. ಮನೆಯಲ್ಲಿ ಕರೆಂಟು ಹೋದರೆ ಯುಪಿಎಸ್, ಯುಪಿಎಸ್ ಬ್ಯಾಟರಿ ಮುಗಿದರೆ ಟಾರ್ಚು, ಅದೂ ಇಲ್ಲದಿದ್ದರೆ ಮೇಣದಬತ್ತಿ ಅಂತ ಇಟ್ಟುಕೊಳ್ಳುತ್ತೇವಲ್ಲ, ಹಾಗೆ. 'ಎ' ವ್ಯವಸ್ಥೆ ಹೋಯಿತು, ಚಕ್ರ ಇಳಿಸುವ ಶಕ್ತಿ ಇಲ್ಲ ಅಂದುಕೊಳ್ಳಿ. ಕಾಕ್‌ಪಿಟ್ ನೆಲದಲ್ಲಿ ಒಂದು ಮುಚ್ಚಳ ಇದೆ. ಅದನ್ನು ತೆಗೆದರೆ ಮೂರು ಹಿಡಿಗಳು. ಒಂದೊಂದನ್ನೂ ಕೈಯಿಂದ ಎಳೆದರೆ ಒಂದೊಂದು ಚಕ್ರದ ಕೊಂಡಿ ಬಿಚ್ಚುತ್ತದೆ, ಚಕ್ರ ತನ್ನ ಭಾರಕ್ಕೆ ತಾನೇ ಕೆಳಗಿಳಿದು ಕೂರುತ್ತದೆ.

ಎಂಜಿನ್ ವಿಷಯವೂ ಹೀಗೆಯೇ. ಎರಡು ಎಂಜಿನ್ ವಿಮಾನ ಒಂದೇ ಎಂಜಿನ್‌ನಲ್ಲಿ ಏರಬಲ್ಲದು, ಹಾರಬಲ್ಲದು, ಇಳಿಯಬಲ್ಲದು. ಎರಡೂ ನಿಂತರೂ ಕಲ್ಲಿನ ಹಾಗೆ ಬೀಳುವುದಿಲ್ಲ. ಹದ್ದು ರೆಕ್ಕೆ ಬಡಿಯದೆ ತೇಲುವ ಹಾಗೆ ತೇಲುತ್ತದೆ. 10 ಕಿ.ಮೀ. ಎತ್ತರದಲ್ಲಿದ್ದರೆ ಸುಮಾರು 150 ಕಿ.ಮೀ. ದೂರ ಸಾಗಬಹುದು. ಹೆಚ್ಚು ಕಡಿಮೆ ಬೆಂಗಳೂರಿನಿಂದ ಮೈಸೂರು ಮುಟ್ಟುವಷ್ಟು ದೂರ. 2001ರ ಆಗಸ್ಟ್‌ನಲ್ಲಿ ಏರ್ ಟ್ರಾನ್ಸಾಟ್ ವಿಮಾನವೊಂದು ಅಟ್ಲಾಂಟಿಕ್ ಸಾಗರದ ಮೇಲೆ ಇಂಧನ ಸೋರಿ ಎರಡೂ ಎಂಜಿನ್ ಕಳೆದುಕೊಂಡು, ಸುಮಾರು 19 ನಿಮಿಷ ತೇಲಿ ಅಝೋರ್ಸ್ ದ್ವೀಪದಲ್ಲಿ ಇಳಿಯಿತು. ಅದರಲ್ಲಿದ್ದ 306 ಜನರೂ ಬದುಕಿದರು.

ಹಾಗಾಗಿ 'ಕೆಟ್ಟಿದೆ' ಅನ್ನುವುದಕ್ಕೂ 'ಅಪಾಯ' ಅನ್ನುವುದಕ್ಕೂ ನಡುವೆ ದೊಡ್ಡ ಅಂತರ ಇದೆ. ಆ ಅಂತರವನ್ನು ಕಾಯುವುದೇ ಸಿಬ್ಬಂದಿಯ ಕೆಲಸ.

ಮೊದಲು ವಿಮಾನ ಹಾರಿಸು

ಪೈಲಟ್ ತರಬೇತಿಗೆ ಸೇರಿದವರಿಗೆ ಮೊದಲ ದಿನಗಳಲ್ಲೇ ಒಂದು ಪಾಠ ಕಿವಿಗೆ ಬೀಳುತ್ತದೆ. ಮೊದಲು ಹಾರಿಸು. ಆಮೇಲೆ ಎಲ್ಲಿಗೆ ಹೋಗಬೇಕು ನೋಡು. ಅದಾದ ಮೇಲೆ ಮಾತಾಡು. ಅನುಕ್ರಮ ತಪ್ಪಬಾರದು.

ಕೇಳಲು ತೀರಾ ಸರಳ ಅನಿಸುತ್ತದೆ. ಆದರೆ ಈ ಪಾಠಕ್ಕೆ ಜೀವಗಳ ಬೆಲೆ ತೆತ್ತಿದ್ದಾರೆ. 1972ರ ಡಿಸೆಂಬರ್ 29ರ ರಾತ್ರಿ ನ್ಯೂಯಾರ್ಕ್‌ನಿಂದ ಬಂದ ಈಸ್ಟರ್ನ್ ಏರ್‌ಲೈನ್ಸ್‌ನ 401 ಸಂಖ್ಯೆಯ ವಿಮಾನ ಮಯಾಮಿಯಲ್ಲಿ ಇಳಿಯಲು ಚಕ್ರ ಇಳಿಸಿತು. ಮುಂಚಕ್ರ ಸರಿಯಾಗಿ ಕೂತಿದೆ ಎಂದು ತೋರಿಸುವ ಹಸಿರು ದೀಪ ಹತ್ತಲಿಲ್ಲ. ಸರಿ, 2,000 ಅಡಿಗೆ ಏರಿ, ಆಟೊಪೈಲಟ್‌ಗೆ ಕೊಟ್ಟು, ಎಲ್ಲರೂ ಆ ದೀಪದ ಹಿಂದೆ ಬಿದ್ದರು. ಒಬ್ಬರು ಬಲ್ಬ್ ಕೂತ ಗೂಡನ್ನು ಬಿಚ್ಚಿ ಮತ್ತೆ ಕೂರಿಸಲು ಹೆಣಗುತ್ತಿದ್ದಾರೆ. ಇನ್ನೊಬ್ಬರು ಚಕ್ರವನ್ನು ಕಣ್ಣಾರೆ ನೋಡಲು ನೆಲದಡಿಯ ಗೂಡಿಗೆ ಇಳಿದಿದ್ದಾರೆ. ಈ ಗಡಿಬಿಡಿಯಲ್ಲಿ ಎತ್ತರ ಹಿಡಿದಿಡುವ ಆಟೊಪೈಲಟ್ ಕೆಲಸ ತಪ್ಪಿಹೋಯಿತು. ವಿಮಾನ ಮೆಲ್ಲಗೆ, ಯಾರಿಗೂ ಗೊತ್ತಾಗದಷ್ಟು ಮೆಲ್ಲಗೆ ಇಳಿಯತೊಡಗಿತು. ಎಚ್ಚರಿಕೆಯ ಒಂದು ಸದ್ದೂ ಬಂತು, ಯಾರ ಕಿವಿಗೂ ಬೀಳಲಿಲ್ಲ. ಹೊರಗೆ ಎವರ್‌ಗ್ಲೇಡ್ಸ್ ಜೌಗು ಪ್ರದೇಶ, ಕಗ್ಗತ್ತಲು, ನೋಡಲು ಒಂದು ದೀಪವಿಲ್ಲ.

176 ಜನರಲ್ಲಿ 101 ಜನ ಸತ್ತರು. ಚಕ್ರ ಸರಿಯಾಗಿಯೇ ಇಳಿದಿತ್ತು. ಸುಟ್ಟುಹೋಗಿದ್ದದ್ದು ಬಲ್ಬ್ ಮಾತ್ರ.

ಅವತ್ತು ಕಾಕ್‌ಪಿಟ್‌ನಲ್ಲಿದ್ದವರು ಅನನುಭವಿಗಳಲ್ಲ. ಕೆಟ್ಟ ವಸ್ತುವಿನ ಮೇಲೆ ಗಮನ ನೆಡುವುದು ಮನುಷ್ಯ ಸಹಜ. ಕಾರು ಓಡಿಸುತ್ತಾ ಡ್ಯಾಶ್‌ಬೋರ್ಡಿನಲ್ಲಿ ಒಂದು ಕೆಂಪು ದೀಪ ಬಂದರೆ ನಮ್ಮ ಕಣ್ಣು ರಸ್ತೆ ಬಿಟ್ಟು ಅಲ್ಲಿಗೇ ಹೋಗುತ್ತದೆ, ಅಲ್ವಾ? ಅದಕ್ಕೇ ಈಗ ಕೆಲಸವನ್ನು ಖಡಾಖಂಡಿತವಾಗಿ ಹಂಚುತ್ತಾರೆ. ಇಬ್ಬರು ಪೈಲಟ್‌ಗಳಲ್ಲಿ ಒಬ್ಬರ ಕೆಲಸ ಹಾರಿಸುವುದು. ವೇಗ, ಎತ್ತರ, ದಿಕ್ಕು ಬಿಟ್ಟು ಅವರು ಬೇರೆ ಕಡೆ ತಲೆ ಹಾಕುವುದಿಲ್ಲ. ಇನ್ನೊಬ್ಬರು ದೋಷ ಏನು ನೋಡುತ್ತಾರೆ, ಪುಸ್ತಕ ತೆಗೆಯುತ್ತಾರೆ, ಮೊದಲಿನವರ ಮೇಲೂ ಕಣ್ಣಿಡುತ್ತಾರೆ. ಕ್ಯಾಪ್ಟನ್ ಆದವರೇ ಹಾರಿಸಬೇಕು ಅಂತಲೂ ಇಲ್ಲ. ಎಷ್ಟೋ ಸಲ ಕ್ಯಾಪ್ಟನ್ ಹಾರಾಟವನ್ನು ಕೋ-ಪೈಲಟ್‌ಗೆ ಕೊಟ್ಟು ತಾವು ಯೋಚಿಸಲು ಕೂರುತ್ತಾರೆ.

ಬಾಯಿಪಾಠ ಎಷ್ಟು, ಪುಸ್ತಕ ಎಷ್ಟು?

ಕೆಲವು ಸಂಗತಿಗಳಿಗೆ ಪುಸ್ತಕ ತೆಗೆಯುವಷ್ಟು ಸಮಯ ಇರುವುದಿಲ್ಲ. 35,000 ಅಡಿಯಲ್ಲಿ ಕ್ಯಾಬಿನ್ನಿನ ಗಾಳಿಯ ಒತ್ತಡ ಹೋದರೆ ನೆಟ್ಟಗೆ ಯೋಚಿಸಲು ಸಿಗುವ ಸಮಯ ಅರ್ಧ ನಿಮಿಷದಿಂದ ಒಂದು ನಿಮಿಷ. ಪೈಲಟ್ ಮೊದಲು ತನ್ನ ಮಾಸ್ಕ್ ಹಾಕಿಕೊಳ್ಳಬೇಕು, ಆಮೇಲೆ ವಿಮಾನವನ್ನು 10,000 ಅಡಿಯತ್ತ ಇಳಿಸಬೇಕು. ಅಷ್ಟು ಕೆಳಗೆ ಬಂದರೆ ಸುಮ್ನೆ ಉಸಿರಾಡಬಹುದು. ಇಂಥವು ಬಾಯಿಪಾಠ. ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಬರಬೇಕು.

ಉಳಿದದ್ದೆಲ್ಲ ಪುಸ್ತಕ. 'ಕ್ವಿಕ್ ರೆಫರೆನ್ಸ್ ಹ್ಯಾಂಡ್‌ಬುಕ್' ಎಂದು ಕರೆಯುವ ಆ ಕೈಪಿಡಿಯಲ್ಲಿ ಒಂದೊಂದು ದೋಷಕ್ಕೂ ಒಂದೊಂದು ಪಟ್ಟಿ ಇರುತ್ತದೆ. ಹೊಸ ವಿಮಾನಗಳಲ್ಲಿ ಕಂಪ್ಯೂಟರೇ ಪರದೆಯ ಮೇಲೆ ಪಟ್ಟಿ ತೋರಿಸುತ್ತದೆ. ಒಬ್ಬರು ಗಟ್ಟಿಯಾಗಿ ಓದುತ್ತಾರೆ, ಮಾಡುತ್ತಾರೆ. ಎಂಜಿನ್ ಬಂದ್ ಮಾಡುವಂಥ ಸ್ವಿಚ್ ಆದರೆ ಅದರ ಮೇಲೆ ಕೈ ಇಟ್ಟು ನಿಲ್ಲಿಸುತ್ತಾರೆ. "ಇದೇ ತಾನೇ?" ಅಂತ ಕೇಳುತ್ತಾರೆ. ಇನ್ನೊಬ್ಬರು ನೋಡಿ "ಹೌದು" ಅಂದ ಮೇಲೆಯೇ ಕೈ ಚಲಿಸುತ್ತದೆ. ಗಾಬರಿಯಲ್ಲಿ ಸರಿಯಿದ್ದ ಎಂಜಿನ್ನನ್ನೇ ನಿಲ್ಲಿಸಿದ ಘಟನೆಗಳು ನಡೆದಿವೆ, ಅದಕ್ಕೇ ಈ ಕಟ್ಟುನಿಟ್ಟು.

ಮದುವೆ ಮನೆಯಲ್ಲಿ ನಲವತ್ತು ವರ್ಷ ಅಡುಗೆ ಮಾಡಿದ ಭಟ್ಟರೂ ಸಾಮಾನು ಪಟ್ಟಿ ಬರೆಸಿಕೊಳ್ಳುತ್ತಾರೆ. ಗೊತ್ತಿಲ್ಲ ಅಂತಲ್ಲ, ಗಲಾಟೆಯಲ್ಲಿ ಒಂದು ಸಾಮಾನು ಮರೆತುಹೋಗಬಾರದು ಅಂತ. ವಿಮಾನಕ್ಕೆ ಪಟ್ಟಿ ಬಂದದ್ದೂ ಇದೇ ಕಾರಣಕ್ಕೆ. 1935ರ ಅಕ್ಟೋಬರ್ 30ರಂದು ಅಮೆರಿಕದಲ್ಲಿ ಬೋಯಿಂಗ್‌ನ ಹೊಸ ಬಾಂಬರ್ ಏರಿದ ಕೂಡಲೇ ಬಿತ್ತು. ಬಾಲದ ಹಲಗೆಗಳು ಗಾಳಿಗೆ ಅಲ್ಲಾಡದಂತೆ ಹಾಕಿದ್ದ ಬೀಗ ತೆಗೆಯುವುದನ್ನು ನುರಿತ ಪೈಲಟ್‌ಗಳೇ ಮರೆತಿದ್ದರು. ಪಟ್ಟಿ ನೋಡಿಕೊಂಡೇ ಹಾರುವ ಪದ್ಧತಿ ಬೇರೂರಿದ್ದು ಅದರ ನಂತರ.

ಸಿಂಗಪುರದ ಮೇಲೆ ಒಂದೂ ಮುಕ್ಕಾಲು ಗಂಟೆ

ಇವೆಲ್ಲವೂ ಒಟ್ಟಿಗೆ ಹೇಗೆ ಕೆಲಸ ಮಾಡುತ್ತವೆ ಎಂದು ತಿಳಿಯಲು ಆಸ್ಟ್ರೇಲಿಯಾದ ವಿಮಾನ ಸಂಸ್ಥೆ ಕ್ವಾಂಟಾಸ್‌ನ 32 ಸಂಖ್ಯೆಯ ವಿಮಾನದ, ಅಂದರೆ ಕ್ವಾಂಟಾಸ್ 32ರ ಕತೆಗಿಂತ ಒಳ್ಳೆಯ ಉದಾಹರಣೆ ನನಗೆ ಕಂಡಿಲ್ಲ.

2010ರ ನವೆಂಬರ್ 4ರ ಬೆಳಿಗ್ಗೆ ಸಿಂಗಪುರದ ಚಾಂಗಿ ನಿಲ್ದಾಣದಿಂದ ಎರಡಂತಸ್ತಿನ ಏರ್‌ಬಸ್ ಎ380 ವಿಮಾನ ಸಿಡ್ನಿಗೆ ಹೊರಟಿತು. ಒಳಗೆ 440 ಪ್ರಯಾಣಿಕರು, 29 ಸಿಬ್ಬಂದಿ. ಕ್ಯಾಪ್ಟನ್ ರಿಚರ್ಡ್ ಡಿ ಕ್ರೆಸ್ಪಿನಿ. ಕಾಕ್‌ಪಿಟ್‌ನಲ್ಲಿ ಅವತ್ತು ಒಟ್ಟು ಐದು ಪೈಲಟ್‌ಗಳಿದ್ದರು, ಏಕೆಂದರೆ ಕ್ಯಾಪ್ಟನ್ನಿನ ವಾರ್ಷಿಕ ಪರೀಕ್ಷೆಯೂ ಅದೇ ಹಾರಾಟದಲ್ಲಿ ನಡೆಯುತ್ತಿತ್ತು. ಏರಿ ನಾಲ್ಕೈದು ನಿಮಿಷ, ಸುಮಾರು 7,000 ಅಡಿ. ಒಂದರ ಹಿಂದೆ ಒಂದು ಎರಡು ಸ್ಫೋಟದ ಸದ್ದು.

ಎಡರೆಕ್ಕೆಯ ಎರಡನೇ ಎಂಜಿನ್‌ನೊಳಗೆ ಎಣ್ಣೆ ಸಾಗಿಸುವ ಒಂದು ಸಣ್ಣ ಕೊಳವೆ ಸೀಳಿತ್ತು. ತಯಾರಿಸುವಾಗ ಅದರ ಗೋಡೆ ಒಂದು ಬದಿಯಲ್ಲಿ ತೆಳುವಾಗಿಬಿಟ್ಟಿತ್ತು. ಸೋರಿದ ಎಣ್ಣೆಗೆ ಬೆಂಕಿ ಹತ್ತಿ, ಆ ಕಾವಿಗೆ ಟರ್ಬೈನ್ ತಟ್ಟೆ ಕಳಚಿ, ಅಂಕೆ ಮೀರಿ ತಿರುಗಿ ಚೂರಾಯಿತು. ಚೂರುಗಳು ಎಂಜಿನ್ನಿನ ಹೊದಿಕೆ ಸೀಳಿ ರೆಕ್ಕೆಯನ್ನು ತೂರಿ ಹೋದವು. ಕೆಲವು ಕೆಳಗೆ ಇಂಡೊನೇಷ್ಯಾದ ಬಾತಾಮ್ ದ್ವೀಪದ ಮೇಲೆ ಬಿದ್ದವು. ರೆಕ್ಕೆಯೊಳಗಿನ ನೂರಾರು ವೈರುಗಳು ತುಂಡಾಗಿದ್ದವು. ಇಂಧನದ ಟ್ಯಾಂಕು ತೂತಾಗಿತ್ತು.

ಕ್ಯಾಪ್ಟನ್ ಮೊದಲು ಮಾಡಿದ್ದು ಒಂದೇ ಗುಂಡಿ ಒತ್ತಿದ್ದು. ಏರುವುದನ್ನು ನಿಲ್ಲಿಸಿ ವಿಮಾನವನ್ನು ಸಮತಟ್ಟಾಗಿ ಹಿಡಿದರು. ವೇಗ ಸರಿಮಾಡಿದರು. ಮೊದಲು ಹಾರಿಸು! ಆಮೇಲೆ ನೆಲದಿಂದ ವಿಮಾನಗಳಿಗೆ ದಾರಿ ಹೇಳುವ ಸಂಚಾರ ನಿಯಂತ್ರಕರಿಗೆ, ಅಂದರೆ ಎಟಿಸಿಗೆ ತಿಳಿಸಿ, ಚಾಂಗಿಯಿಂದ ದೂರ ಹೋಗದೆ ಅಲ್ಲೇ ಸುತ್ತತೊಡಗಿದರು.

ಅಷ್ಟರಲ್ಲಿ ಕಂಪ್ಯೂಟರ್ ಪರದೆಯಲ್ಲಿ ಎಚ್ಚರಿಕೆಗಳ ಸುರಿಮಳೆ. ಹೈಡ್ರಾಲಿಕ್, ವಿದ್ಯುತ್, ಬ್ರೇಕ್, ಇಂಧನ, ಹಾರಾಟದ ನಿಯಂತ್ರಣ, ಒಂದೊಂದರ ಹಿಂದೆ ಒಂದು. ಕೋ-ಪೈಲಟ್ ಒಂದೊಂದೇ ಪಟ್ಟಿ ಓದಿ ಮಾಡುತ್ತಾ ಹೋದರು. ಮುಗಿಸಲು ಸುಮಾರು 50 ನಿಮಿಷ ಹಿಡಿಯಿತು. ಕಂಪ್ಯೂಟರ್ ಹೇಳಿದ್ದನ್ನೆಲ್ಲ ಕಣ್ಣುಮುಚ್ಚಿ ಮಾಡಲೂ ಇಲ್ಲ. ಒಂದು ಕಡೆಯ ಟ್ಯಾಂಕಿನಿಂದ ಇನ್ನೊಂದು ಕಡೆಗೆ ಇಂಧನ ಹಾಯಿಸು ಅಂತ ಅದು ಹೇಳಿತು. ಸೋರುತ್ತಿರುವ ರೆಕ್ಕೆಗೆ ಒಳ್ಳೆಯ ಇಂಧನ ಕಳಿಸುವುದು ಬೇಡ ಎಂದು ನಿರ್ಧರಿಸಿದರು. ಐದು ಜನರಲ್ಲಿ ಒಬ್ಬರು ಎದ್ದು ಕ್ಯಾಬಿನ್‌ಗೆ ಹೋದರು. ಅಲ್ಲಿ ಪ್ರಯಾಣಿಕರಾಗಿ ಕೂತಿದ್ದ ಅದೇ ಸಂಸ್ಥೆಯ ಇನ್ನೊಬ್ಬ ಪೈಲಟ್ ಸೀಟಿನ ಮುಂದಿನ ಟಿವಿ ಪರದೆ ತೋರಿಸಿದರು. ಬಾಲದ ಮೇಲಿನ ಕ್ಯಾಮೆರಾದ ಚಿತ್ರ ಅದು. ರೆಕ್ಕೆಯ ಹಿಂದೆ ಇಂಧನ ಬಿಳಿ ಜಾಡಾಗಿ ಸುರಿಯುತ್ತಿತ್ತು.

ಒಂದು ಹಂತದಲ್ಲಿ ಕ್ಯಾಪ್ಟನ್ ಯೋಚನೆಯ ದಿಕ್ಕನ್ನೇ ತಿರುಗಿಸಿದರು. ಏನೇನು ಕೆಟ್ಟಿದೆ ಎಂದು ಎಣಿಸುವುದನ್ನು ಬಿಟ್ಟು, ಏನೇನು ಉಳಿದಿದೆ ಎಂದು ಎಣಿಸಿದರು. ಇಷ್ಟು ಬ್ರೇಕ್ ಇದೆ, ಇಷ್ಟು ಫ್ಲಾಪ್ ಇದೆ, ಇಷ್ಟು ತಿರುಗುತ್ತದೆ. ಇಷ್ಟನ್ನೇ ಇಟ್ಟುಕೊಂಡು ಹೇಗೆ ಇಳಿಯುವುದು? ತಿಂಗಳ ಕೊನೆಯಲ್ಲಿ ಅಡುಗೆಮನೆಯ ಡಬ್ಬಗಳನ್ನು ತೆರೆದು ನೋಡಿ, ಇರುವುದರಲ್ಲೇ ಏನು ಮಾಡಬಹುದು ಎಂದು ಯೋಚಿಸುವ ತಾಯಿಯ ಹಾಗೆ.

ಸುತ್ತು ಹೊಡೆಯುವುದು ಯಾಕೆ?

ಈಗ ತಿರುಚ್ಚಿಯ ಪ್ರಶ್ನೆಗೆ ಬರಬಹುದು. ಸುತ್ತುವುದಕ್ಕೆ ಒಂದು ಕಾರಣ ಮೇಲೆ ಕಂಡಿತು. ಪಟ್ಟಿ ಓದಲು, ಲೆಕ್ಕ ಹಾಕಲು, ಕೆಳಗಿನವರನ್ನು ಸಜ್ಜು ಮಾಡಲು ಹೊತ್ತು ಬೇಕು. ಇನ್ನೊಂದು ಕಾರಣ ತೂಕ.

ಹೊರಡುವಾಗ ವಿಮಾನದಲ್ಲಿ ಪೂರ್ತಿ ದಾರಿಗೆ ಬೇಕಾದ ಇಂಧನ ಇರುತ್ತದೆ. 737-800 ಗರಿಷ್ಠ 79 ಟನ್ ತೂಕದಲ್ಲಿ ಏರಬಲ್ಲದು. ಆದರೆ ಇಳಿಯುವಾಗಿನ ಮಿತಿ ಸುಮಾರು 66 ಟನ್. ಶಾರ್ಜಾ ಮುಟ್ಟುವಷ್ಟರಲ್ಲಿ ಆ ತೂಕ ತಾನಾಗಿ ಇಳಿದಿರುತ್ತಿತ್ತು. ಏರಿದ ಕೂಡಲೇ ವಾಪಸ್ ಇಳಿಯಬೇಕೆಂದರೆ ಕಷ್ಟ. ಚಾರ್ಮಾಡಿ ಘಾಟಿ ಇಳಿಯುವ ಲಾರಿಯನ್ನು ನೆನೆಸಿಕೊಳ್ಳಿ. ಖಾಲಿ ಲಾರಿ ಬ್ರೇಕ್ ಒತ್ತಿದರೆ ನಿಲ್ಲುತ್ತದೆ, ತುಂಬಿದ ಲಾರಿಯ ಬ್ರೇಕಿನಿಂದ ಹೊಗೆ ಬರುತ್ತದೆ. ಭಾರದ ವಿಮಾನ ಹೆಚ್ಚು ವೇಗದಲ್ಲಿ ಇಳಿಯಬೇಕು, ನಿಲ್ಲಲು ಹೆಚ್ಚು ರನ್‌ವೇ ಬೇಕು, ಚಕ್ರದ ಮೇಲೂ ಬ್ರೇಕಿನ ಮೇಲೂ ಒತ್ತಡ ಜಾಸ್ತಿ. ಹೈಡ್ರಾಲಿಕ್ಕೇ ಅನುಮಾನದಲ್ಲಿರುವಾಗ ಬ್ರೇಕಿನ ಮೇಲೆ ಇನ್ನಷ್ಟು ಹೊರೆ ಹಾಕುವುದು ಯಾರಿಗೆ ಬೇಕು?

ದೊಡ್ಡ ವಿಮಾನಗಳಲ್ಲಿ ಇಂಧನವನ್ನು ಆಕಾಶದಲ್ಲೇ ಹೊರಚೆಲ್ಲುವ ಏರ್ಪಾಡು ಇದೆ. 737ರಲ್ಲಿ ಅದಿಲ್ಲ. ಉರಿಸಿಯೇ ಖರ್ಚು ಮಾಡಬೇಕು. ಅದು ಗಂಟೆಗೆ ಸುಮಾರು ಎರಡೂವರೆ ಟನ್ ಉರಿಸುತ್ತದೆ. ಹಾಗಾಗಿ ತಿರುಚ್ಚಿಯ ಆ ಸುತ್ತುಗಳು ದಿಕ್ಕು ತೋಚದೆ ಹೊಡೆದ ಸುತ್ತುಗಳಲ್ಲ. ಒಂದೊಂದು ಸುತ್ತಿಗೂ ವಿಮಾನ ಹಗುರಾಗುತ್ತಿತ್ತು.

ಆದರೆ ಬೆಂಕಿ ಹತ್ತಿದ್ದರೆ, ಒಳಗೆ ಹೊಗೆ ತುಂಬಿದ್ದರೆ ಈ ಲೆಕ್ಕ ತಲೆಕೆಳಗು. ಆಗ ತೂಕ ಎಷ್ಟೇ ಇರಲಿ, ಹತ್ತಿರದ ರನ್‌ವೇ ಹುಡುಕಿ ಇಳಿಯುವುದೇ ಸರಿ. ಕಾಯಬಹುದಾದದ್ದು ಯಾವುದು, ಕಾಯಬಾರದ್ದು ಯಾವುದು ಎಂದು ಬೇರ್ಪಡಿಸುವುದು ಇಡೀ ಕೆಲಸದ ಅತಿ ಕಷ್ಟದ ಭಾಗ.

"ಸಾರ್, ಇಂಧನ ಮುಗೀತಿದೆ"

ಸುತ್ತುವುದರಲ್ಲೂ ಅಪಾಯ ಇದೆ. 1978ರ ಡಿಸೆಂಬರ್ 28ರಂದು ಅಮೆರಿಕದ ಪೋರ್ಟ್‌ಲ್ಯಾಂಡ್ ಬಳಿ ಯುನೈಟೆಡ್ ಏರ್‌ಲೈನ್ಸ್‌ನ 173 ಸಂಖ್ಯೆಯ ವಿಮಾನ ಚಕ್ರ ಇಳಿಸಿದಾಗ ದಢಾರ್ ಎಂದು ಸದ್ದಾಯಿತು. ಚಕ್ರ ಸರಿಯಾಗಿದೆಯೇ ಎಂಬ ಅನುಮಾನ. ಕ್ಯಾಪ್ಟನ್ ಸುಮಾರು ಒಂದು ಗಂಟೆ ಸುತ್ತುತ್ತಾ ಅದರ ಬಗ್ಗೆಯೇ, ಪ್ರಯಾಣಿಕರನ್ನು ಸಜ್ಜು ಮಾಡುವುದರ ಬಗ್ಗೆಯೇ ಯೋಚಿಸಿದರು. ಇಂಧನ ಕಡಿಮೆಯಾಗುತ್ತಿರುವುದು ಜೊತೆಯವರಿಗೆ ಗೊತ್ತಿತ್ತು. ಹೇಳಿಯೂ ಹೇಳಿದರು, ಆದರೆ ಗಟ್ಟಿಯಾಗಿ, ನೇರವಾಗಿ, "ಈಗಲೇ ಇಳಿಯಬೇಕು" ಅನ್ನಲಿಲ್ಲ. ಕೊನೆಗೆ ಎಂಜಿನ್‌ಗಳು ಒಂದೊಂದಾಗಿ ನಿಂತವು. ನಿಲ್ದಾಣಕ್ಕೆ ಕೆಲವೇ ಮೈಲಿ ಇರುವಾಗ ವಿಮಾನ ಮರಗಳ ನಡುವೆ ಬಿತ್ತು. 189 ಜನರಲ್ಲಿ 10 ಜನ ತೀರಿಕೊಂಡರು.

ಇದು ನಮಗೆ ಚೆನ್ನಾಗಿ ಅರ್ಥವಾಗುವ ಕತೆ. ನಮ್ಮ ಆಫೀಸುಗಳಲ್ಲಿ ಮೇಲಿನವರಿಗೆ "ಸಾರ್, ಇದು ತಪ್ಪು" ಅನ್ನಲು ಎಷ್ಟು ಜನಕ್ಕೆ ಬಾಯಿ ಬರುತ್ತದೆ? "ಒಂದ್ಸಲ ನೋಡಬಹುದಿತ್ತೇನೋ ಸಾರ್" ಎಂದು ಸುತ್ತಿ ಬಳಸಿ ಹೇಳಿ ಸುಮ್ಮನಾಗುತ್ತೇವೆ. ಆಕಾಶದಲ್ಲಿ ಆ ಸಂಕೋಚಕ್ಕೆ ಜಾಗ ಇಲ್ಲ. ಪೋರ್ಟ್‌ಲ್ಯಾಂಡ್ ತನಿಖೆಯ ನಂತರ, 1980ರ ದಶಕದ ಆರಂಭದಿಂದ, ವಿಮಾನ ಸಂಸ್ಥೆಗಳು ಇದನ್ನು ಒಂದು ಪಾಠವಾಗಿಯೇ ಕಲಿಸತೊಡಗಿದವು. 'ಕ್ರೂ ರಿಸೋರ್ಸ್ ಮ್ಯಾನೇಜ್‌ಮೆಂಟ್' ಅಂತ ಅದರ ಹೆಸರು. ಕಿರಿಯರು ಹೇಗೆ ನೇರವಾಗಿ ಹೇಳಬೇಕು, ಹಿರಿಯರು ಹೇಗೆ ಕೇಳಿಸಿಕೊಳ್ಳಬೇಕು ಎಂಬುದೇ ಅದರ ಜೀವಾಳ. ಎರಡನೆಯದೇ ಹೆಚ್ಚು ಕಷ್ಟ ಅಂತ ನನ್ನ ಅನಿಸಿಕೆ.

ಕ್ವಾಂಟಾಸ್ ಕಾಕ್‌ಪಿಟ್‌ನಲ್ಲಿ ಅದು ಕೆಲಸಕ್ಕೆ ಬಂತು. ಉಳಿದ ಎಂಜಿನ್‌ಗಳೂ ನಿಂತರೆ ತೇಲಿಕೊಂಡು ರನ್‌ವೇ ಮುಟ್ಟಲು ಎತ್ತರ ಇರಲಿ ಎಂದು ಕ್ಯಾಪ್ಟನ್ 10,000 ಅಡಿಗೆ ಏರಲು ಹೊರಟರು. ಜೊತೆಯವರು ಬೇಡವೇ ಬೇಡ ಅಂದರು. ಎಷ್ಟು ಪೆಟ್ಟಾಗಿದೆ ಎಂದೇ ಗೊತ್ತಿಲ್ಲದಾಗ ಎಂಜಿನ್‌ಗಳಿಗೆ ಇನ್ನಷ್ಟು ಕೆಲಸ ಕೊಡಬಾರದು ಎಂಬುದು ಅವರ ವಾದ. ಕ್ಯಾಪ್ಟನ್ ವಾದಕ್ಕೆ ಇಳಿಯಲಿಲ್ಲ, ಕೈಬಿಟ್ಟರು.

ಟಿವಿಯಲ್ಲಿ ಕೇಳುವ ಮಾತುಗಳು

'ಮೇಡೇ' ಅಂದರೆ ಜೀವಕ್ಕೆ ಅಪಾಯ ಇದೆ, ಕೂಡಲೇ ಸಹಾಯ ಬೇಕು ಎಂದು. "ನನಗೆ ಸಹಾಯ ಮಾಡಿ" ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದದ್ದು. ಮೂರು ಸಲ ಹೇಳುತ್ತಾರೆ, ರೇಡಿಯೊದ ಗೊರಗೊರದಲ್ಲೂ ತಪ್ಪು ಕೇಳಿಸಬಾರದು ಅಂತ. 'ಪ್ಯಾನ್-ಪ್ಯಾನ್' ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ. ತೊಂದರೆ ಇದೆ, ನಮಗೆ ಆದ್ಯತೆ ಕೊಡಿ, ಆದರೆ ಈ ಕ್ಷಣಕ್ಕೆ ಜೀವಾಪಾಯ ಇಲ್ಲ ಎಂದು ಅರ್ಥ. ಅಷ್ಟೆಲ್ಲ ಆಗಿಯೂ ಕ್ವಾಂಟಾಸ್ 32 ಹೇಳಿದ್ದು ಪ್ಯಾನ್-ಪ್ಯಾನ್. ಇದರ ಜೊತೆ ಪೈಲಟ್ ಒಂದು ಯಂತ್ರದಲ್ಲಿ 7700 ಎಂಬ ಸಂಖ್ಯೆ ಹಾಕಿದರೆ ಎಟಿಸಿಯ ರಾಡಾರ್ ಪರದೆಯಲ್ಲಿ ಆ ವಿಮಾನ ಎದ್ದು ಕಾಣುತ್ತದೆ.

ನಮ್ಮ ನಿಲ್ದಾಣಗಳು 'ಫುಲ್ ಎಮರ್ಜೆನ್ಸಿ' ಘೋಷಿಸಿದವು ಎಂದು ಸುದ್ದಿಯಲ್ಲಿ ಬಂದರೆ ಅದು ಅಪಘಾತದ ಸುದ್ದಿ ಅಲ್ಲ. ಅಗ್ನಿಶಾಮಕ ದಳ, ಆಂಬುಲೆನ್ಸ್, ಹತ್ತಿರದ ಆಸ್ಪತ್ರೆ ಎಲ್ಲವೂ ಸಜ್ಜಾಗಿರಲಿ ಎಂಬ ಕರೆ ಅದು. ದೋಷ ಸಣ್ಣದಾದರೆ 'ಲೋಕಲ್ ಸ್ಟ್ಯಾಂಡ್‌ಬೈ' ಸಾಕು.

ಬಾಗಿಲಿನ ಈಚೆ

ಪೈಲಟ್ ಗಗನಸಖಿಯರ ಮುಖ್ಯಸ್ಥರನ್ನು ಕರೆದು ನಾಲ್ಕು ಸಂಗತಿ ಹೇಳುತ್ತಾರೆ. ಏನಾಗಿದೆ, ಏನು ಮಾಡಲಿದ್ದೇವೆ, ಎಷ್ಟು ಹೊತ್ತಿದೆ, ವಿಶೇಷವಾಗಿ ಏನು ನೋಡಿಕೊಳ್ಳಬೇಕು. ಕೇಳಿಸಿಕೊಂಡವರು ಅದನ್ನೇ ತಿರುಗಿ ಒಪ್ಪಿಸಬೇಕು. ಕಿವಿಯಿಂದ ಕಿವಿಗೆ ಹೋಗುವಾಗ ಮಾತು ಬದಲಾಗಬಾರದಲ್ಲ.

ಕೆಲವು ವರ್ಷಗಳ ಹಿಂದೆ ಹೈದರಾಬಾದಿನಿಂದ ಬೆಂಗಳೂರಿಗೆ ಬರುವಾಗ ನಾನಿದ್ದ ವಿಮಾನ ಏರಿದ ಹತ್ತು ನಿಮಿಷಕ್ಕೇ ವಾಪಸ್ ತಿರುಗಿತು. ಪಕ್ಕದಲ್ಲಿ ದಾವಣಗೆರೆ ಕಡೆಯ ಅಜ್ಜಿಯೊಬ್ಬರಿದ್ದರು. "ಏನಾತವ್ವಾ?" ಎಂದು ಗಗನಸಖಿಯ ಕೈ ಹಿಡಿದರು. ಆಕೆ ಸೀಟಿನ ಪಕ್ಕ ಮೊಣಕಾಲೂರಿ ಕೂತು, "ಏನಿಲ್ಲ ಅಜ್ಜಿ, ಒಂದು ಚೆಕ್ ಮಾಡಿಸ್ಬೇಕು, ಇಳಿದು ಮಾಡಿಸ್ತೀವಿ" ಎಂದು ಕನ್ನಡದಲ್ಲೇ ಹೇಳಿ, ಅಜ್ಜಿಯ ಬೆಲ್ಟ್ ಎಳೆದು ನೋಡಿ ಹೋದರು. ಆಮೇಲೆ ನನ್ನ ಎದುರಿನ ಮಡಚು ಸೀಟಿನಲ್ಲಿ ಕೂತರು. ಎರಡೂ ಅಂಗೈ ತೊಡೆಯ ಕೆಳಗೆ, ಬೆನ್ನು ನೆಟ್ಟಗೆ, ಕಣ್ಣು ಬಾಗಿಲ ಮೇಲೆ. ತುಟಿ ಮಾತ್ರ ಮೆಲ್ಲಗೆ ಅಲ್ಲಾಡುತ್ತಿತ್ತು. ದೇವರ ಹೆಸರು ಹೇಳುತ್ತಿರಬೇಕು ಅಂದುಕೊಂಡೆ.

ಆಮೇಲೆ ತಿಳಿಯಿತು. ಅದು ಅವರ ಕೆಲಸದ ಭಾಗ. ಪ್ರತಿ ಸಲ ಏರುವಾಗ, ಇಳಿಯುವಾಗ ಸಿಬ್ಬಂದಿ ಮನಸ್ಸಿನಲ್ಲೇ ಒಂದು ಪಾಠ ಒಪ್ಪಿಸಿಕೊಳ್ಳುತ್ತಾರೆ. ನನ್ನ ಬಾಗಿಲು ಹೇಗೆ ತೆರೆಯುತ್ತದೆ, ಹೊರಗೆ ಬೆಂಕಿ ಇದೆಯಾ ಹೇಗೆ ನೋಡಬೇಕು, ಯಾವ ಮಾತು ಕೂಗಬೇಕು, ಯಾರಿಗೆ ಸಹಾಯ ಬೇಕಾಗಬಹುದು. ಪಕ್ಕದ ಅಜ್ಜಿ ಆ ಪಟ್ಟಿಯಲ್ಲಿ ಇದ್ದಿರಬೇಕು. ಅರ್ಧದಷ್ಟೇ ಬಾಗಿಲು ಬಳಸಿ ಪೂರ್ತಿ ತುಂಬಿದ ವಿಮಾನವನ್ನು 90 ಸೆಕೆಂಡಿನಲ್ಲಿ ಖಾಲಿ ಮಾಡಲು ಸಾಧ್ಯ ಎಂದು ತೋರಿಸದೆ ಇಂಥ ದೊಡ್ಡ ಪ್ರಯಾಣಿಕ ವಿಮಾನದ ಯಾವ ಮಾದರಿಗೂ ಪರವಾನಗಿ ಸಿಗುವುದಿಲ್ಲ. ಒಬ್ಬರು ಮೇಲಿನ ಬ್ಯಾಗಿಗೆ ಕೈ ಹಾಕಿದರೂ ಆ ಲೆಕ್ಕ ತಪ್ಪುತ್ತದೆ.

ಇಳಿದ ಮೇಲೂ ಮುಗಿದಿರಲಿಲ್ಲ

ಕ್ವಾಂಟಾಸ್ 32ಕ್ಕೆ ಮರಳೋಣ. ಇಂಧನ ಹೊರಚೆಲ್ಲುವ ವ್ಯವಸ್ಥೆಯೂ ಕೆಟ್ಟಿತ್ತು. ಮಿತಿಗಿಂತ 40 ಟನ್‌ಗೂ ಜಾಸ್ತಿ ತೂಕದಲ್ಲಿ ಇಳಿಯಬೇಕು. ರೆಕ್ಕೆಯ ಮುಂಭಾಗದ ಹಲಗೆಗಳು ಹೊರಬರುತ್ತಿಲ್ಲ, ಹಾಗಾಗಿ ವೇಗವೂ ಜಾಸ್ತಿ ಇರಬೇಕು. ನಿಲ್ಲಿಸಲು ಹಿಮ್ಮುಖ ಬಲ ಕೊಡುವುದು ಒಂದೇ ಎಂಜಿನ್. ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕಿದರೆ ಮೊದಲ ಸಲ ಉತ್ತರವೇ ಬರಲಿಲ್ಲ. ರನ್‌ವೇ ಒಣಗಿದೆ ಎಂದು ತಿದ್ದಿ ಮತ್ತೆ ಹಾಕಿದಾಗ ಬಂತು: 4,000 ಮೀಟರ್ ರನ್‌ವೇಯಲ್ಲಿ ಮಿಗುವುದು ಸುಮಾರು 100 ಮೀಟರ್. ನಮ್ಮ ಕೆಂಪೇಗೌಡ ನಿಲ್ದಾಣದ ರನ್‌ವೇಗಳ ಉದ್ದವೂ ಅಷ್ಟೇ. ಅದರ ಒಂದು ತುದಿಯಲ್ಲಿ ಇಳಿದು ಇನ್ನೊಂದು ತುದಿಯವರೆಗೂ ಓಡಬೇಕು.

ಇಳಿಯುವ ಮೊದಲು ವಿಮಾನವನ್ನು ಎಡಕ್ಕೆ ಬಲಕ್ಕೆ ಮೆಲ್ಲಗೆ ವಾಲಿಸಿ ಮಾತು ಕೇಳುತ್ತದೆಯೇ ನೋಡಿದರು. ಕೇಳಿತು. ಚಕ್ರಗಳನ್ನು ತಮ್ಮ ಭಾರಕ್ಕೆ ತಾವೇ ಇಳಿಯಲು ಬಿಟ್ಟರು. 11.46ಕ್ಕೆ ನೆಲ ಮುಟ್ಟಿದರು. ನಾಲ್ಕು ಟಯರ್ ಒಡೆದವು. ಬ್ರೇಕು 900 ಡಿಗ್ರಿ ಸೆಲ್ಸಿಯಸ್ ಕಾದಿತು. ವಿಮಾನ ನಿಂತಾಗ ಮುಂದೆ ಉಳಿದಿದ್ದು ಸುಮಾರು 150 ಮೀಟರ್.

ಈಗ ಜಾರುಬಂಡೆ ಬಿಚ್ಚಿ ಎಲ್ಲರನ್ನೂ ಇಳಿಸಬೇಕು ಅಂತ ಯಾರಿಗಾದರೂ ಅನಿಸುತ್ತದೆ. ಆದರೆ ಕಾದ ಬ್ರೇಕಿನ ಪಕ್ಕದಲ್ಲೇ ರೆಕ್ಕೆಯಿಂದ ಇಂಧನ ಸುರಿಯುತ್ತಿತ್ತು. ಎಡತುದಿಯ ಒಂದನೇ ಎಂಜಿನ್ ಬಂದ್ ಮಾಡಿದರೂ ನಿಲ್ಲಲಿಲ್ಲ, ಅದರ ವೈರುಗಳು ತುಂಡಾಗಿದ್ದವು. ವಯಸ್ಸಾದವರು, ಮಕ್ಕಳು ಎರಡಂತಸ್ತಿನ ಎತ್ತರದಿಂದ ಜಾರಿ, ಓಡುತ್ತಿರುವ ಎಂಜಿನ್ನಿನ, ಹರಿಯುತ್ತಿರುವ ಇಂಧನದ ಹತ್ತಿರ ಬೀಳುವುದು ಹೆಚ್ಚು ಅಪಾಯ. ಒಳಗೇ ಇರಿಸುವುದು ಎಂದು ಪೈಲಟ್‌ಗಳು ತೀರ್ಮಾನಿಸಿದರು. ಅಗ್ನಿಶಾಮಕ ದಳದವರು ಬ್ರೇಕಿನ ಮೇಲೆ, ನೆಲದ ಮೇಲೆ ನೊರೆ ಸುರಿದರು. ಬಾಗಿಲುಗಳಲ್ಲಿ ಗಗನಸಖಿಯರು ಕಾವಲು ನಿಂತರು. ಬೆಂಕಿ ಕಂಡರೆ ಆ ಕ್ಷಣವೇ ತೆರೆಯಲು ಕೈ ಸಿದ್ಧ.

ಸುಮಾರು ಒಂದು ಗಂಟೆ ಕಾದ ಮೇಲೆ ಬಲಬದಿಗೆ ಮೆಟ್ಟಿಲು ತಂದರು. ಒಂದೇ ಬಾಗಿಲಿನಿಂದ, ಒಬ್ಬೊಬ್ಬರಾಗಿ, 440 ಜನರೂ ನಡೆದುಕೊಂಡು ಇಳಿದು ಬಸ್ ಹತ್ತಿದರು. ಅದಕ್ಕೆ ಇನ್ನೊಂದು ಗಂಟೆ ಹಿಡಿಯಿತು. ಯಾರಿಗೂ ಒಂದು ಗಾಯ ಇಲ್ಲ.

ಒಂದನೇ ಎಂಜಿನ್ ಆಗಲೂ ಓಡುತ್ತಲೇ ಇತ್ತು. ಅಗ್ನಿಶಾಮಕ ದಳದವರು ಅದರ ಬಾಯಿಗೆ ನೀರು ಹಾಯಿಸಿದರು, ನೊರೆ ಹಾಯಿಸಿದರು. ಇಳಿದ ಸುಮಾರು ಮೂರು ಗಂಟೆಯ ಮೇಲೆ ಅದು ನಿಂತಿತು.